ಮನೆಯ ಮೀನುತೊಟ್ಟಿ: ಆಹಾರದ ಮಿತಿ, ನೀರಿನ ಶುದ್ಧಿ

ಗಾಜಿನ ಸಣ್ಣ ತೊಟ್ಟಿಗಳಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸ ಪುಣೆಯಂತಹ ನಗರಗಳ ಮನೆಗಳಲ್ಲಿಯೂ ಕಂಡುಬರುತ್ತದೆ. ಇಂತಹ ತೊಟ್ಟಿಗಳಲ್ಲಿ ಮೀನುಗಳು ಹಸಿವಿನಿಂದ ಸಾಯುವುದು ಅಪರೂಪ. ಅತಿಯಾದ ಆಹಾರದಿಂದ ಕೆಟ್ಟ ನೀರೇ ಅವುಗಳಿಗೆ ಮುಖ್ಯ ಶತ್ರು.

ಮೀನು ಶೀತರಕ್ತ ಪ್ರಾಣಿ. ದೇಹವನ್ನು ಬೆಚ್ಚಗಿಡಲು ಅದು ಶಕ್ತಿಯನ್ನು ವ್ಯಯಿಸಬೇಕಾಗಿಲ್ಲವಾದ್ದರಿಂದ ಅದಕ್ಕೆ ಅಲ್ಪ ಆಹಾರವೇ ಸಾಕು. ಮನೆಯವರನ್ನು ಕಂಡೊಡನೆ ಮೀನುಗಳು ಗಾಜಿನ ಬಳಿಗೆ ಧಾವಿಸುವುದನ್ನು ಹಸಿವೆಂದು ಭಾವಿಸಬಾರದು. ಅದು ಕೇವಲ ರೂಢಿ.

ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆತು ಅಮೋನಿಯವನ್ನು ಉಂಟುಮಾಡುತ್ತದೆ. ಶೇಕಡ 40ರಷ್ಟು ಪ್ರೋಟೀನ್ ಇರುವ 1 ಗ್ರಾಂ ಆಹಾರದಲ್ಲಿ ಸುಮಾರು 64 ಮಿಲಿಗ್ರಾಂ ಸಾರಜನಕವಿರುತ್ತದೆ. 20 ಲೀಟರ್ ನೀರಿನಲ್ಲಿ ಅದೆಲ್ಲವೂ ಅಮೋನಿಯವಾದರೆ, ಪ್ರತಿ ಲೀಟರಿಗೆ 3 ಮಿಲಿಗ್ರಾಂಗಿಂತ ಹೆಚ್ಚಾಗುತ್ತದೆ. ಮೀನುಗಳಿಗೆ ಇದು ಅಪಾಯಕರ. ಆದರೂ ನೀರು ನೋಡಲು ತಿಳಿಯಾಗಿಯೇ ಇರಬಹುದು.

ಮರಳು ಹಾಗೂ ಶೋಧಕದಲ್ಲಿ ನೆಲೆಸುವ ಉಪಕಾರಿ ಬ್ಯಾಕ್ಟೀರಿಯಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಕಡಿಮೆ ಹಾನಿಕರವಾದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ಬೆಳೆಯಲು ಕೆಲವು ವಾರಗಳು ಬೇಕು. ಆ ಅವಧಿಯಲ್ಲಿ ಕೆಲವೇ ಮೀನುಗಳನ್ನಿಟ್ಟು, ಆಹಾರವನ್ನು ಇನ್ನೂ ಮಿತವಾಗಿ ನೀಡಬೇಕು.

ಪುಣೆಯಲ್ಲಿ ಏಪ್ರಿಲ್-ಮೇ ತಿಂಗಳುಗಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಸಮೀಪಿಸುವುದುಂಟು. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಕೊಳೆಯುವ ಆಹಾರ ಅದನ್ನೂ ಕಬಳಿಸುತ್ತದೆ. ಅಮೋನಿಯದ ವಿಷವೂ ತೀವ್ರವಾಗುತ್ತದೆ. ಆದುದರಿಂದ ಬೇಸಿಗೆಯಲ್ಲಿ ವಿಶೇಷ ಎಚ್ಚರಿಕೆ ಅವಶ್ಯಕ.

ಗಮನಿಸಬೇಕಾದ ಅಂಶಗಳು:

1. ದಿನಕ್ಕೆ ಒಂದೆರಡು ಬಾರಿ, ಮೀನುಗಳು ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಿರಿ.

2. ಉಳಿದ ಆಹಾರವನ್ನು ಸಣ್ಣ ಬಲೆಯಿಂದಾಗಲಿ, ರಬ್ಬರ್ ಕೊಳವೆಯಿಂದಾಗಲಿ ಕೂಡಲೇ ಹೊರತೆಗೆಯಿರಿ.

3. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸಿರಿ. ನಗರಕ್ಕೆ ಖಡಕ್ವಾಸ್ಲಾ ಜಲಾಶಯದಿಂದ ಬರುವ ನೀರನ್ನು ಕ್ಲೋರಿನ್ ಬಳಸಿ ಶುದ್ಧೀಕರಿಸಲಾಗಿರುತ್ತದೆ. ಅದನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸುವುದು ಉತ್ತಮ.

4. ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿರಿ. ಆಗ ಉಪಕಾರಿ ಬ್ಯಾಕ್ಟೀರಿಯಗಳು ಉಳಿಯುತ್ತವೆ. ಆ ನೀರು ಕುಂಡದ ಗಿಡಗಳಿಗೆ ಗೊಬ್ಬರವಾಗುತ್ತದೆ.

5. ಬೇಡವಾದ ಮೀನುಗಳನ್ನು ಮುಳಾ-ಮುಠಾ ನದಿಗೆ ಬಿಡಬೇಡಿರಿ. ಅಲ್ಲಿನ ಸ್ಥಳೀಯ ಮೀನುಗಳಿಗೆ ಅದರಿಂದ ಹಾನಿಯಾಗಬಹುದು.

ಎರಡು ಮೂರು ದಿನ ಊರಿಗೆ ಹೋಗುವವರು ಚಿಂತಿಸಬೇಕಾಗಿಲ್ಲ. ಬೆಳೆದ, ಆರೋಗ್ಯವಂತ ಮೀನುಗಳು ಅಷ್ಟು ದಿನ ಉಪವಾಸವಿರಬಲ್ಲವು. ಹೆಚ್ಚು ದಿನಗಳಾದರೆ ನೆರೆಯವರಿಗೆ ಆಹಾರದ ಡಬ್ಬಿಯನ್ನೇ ಒಪ್ಪಿಸದೆ, ಒಂದೊಂದು ದಿನದ ಪಾಲನ್ನು ಅಳೆದು, ಪೊಟ್ಟಣ ಕಟ್ಟಿ ಕೊಡಿರಿ.