ಉತ್ತರಹಳ್ಳಿಯ ಶೆಡ್ಡಿನಲ್ಲಿ ಒಂದು ಪದ್ಮಿನಿ

ಹಳೇ ಫಿಯಟ್ ನೋಡಲು ಬಂದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ, ಸೈಲೆನ್ಸರಿನ ಹೊಗೆ ನೋಡಿ, ಸದ್ದಿಗೆ ಕಿವಿಗೊಟ್ಟು, ‘ಎಂಜಿನ್ ಚೆನ್ನಾಗಿದೆ’ ಎನ್ನುತ್ತಾರೆ. ನನ್ನನ್ನು ಕೇಳಿದರೆ ಮೊದಲು ಎತ್ತಬೇಕಾದದ್ದು ಕಾಲಡಿಯ ಮ್ಯಾಟು. ಈ ಕಾರಿಗೆ ಲಾರಿಗಿರುವಂಥ ಬೇರೆ ಚಾಸಿ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಟೊಳ್ಳು ಪಟ್ಟಿ, ಕಂಬ, ಚಾವಣಿ ಎಲ್ಲ ಸೇರಿಯೇ ಭಾರ ಹೊರುತ್ತವೆ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಮಾಡಬಹುದು, ಇನ್ನೊಂದನ್ನು ತಂದು ಕೂರಿಸಬಹುದು. ತಳ ಹೋದರೆ ಕಾರೇ ಹೋಯಿತು. ನಮ್ಮ ಮನೆ ಶೆಡ್ಡಿನಲ್ಲಿ ಕೆಲಸ ಮಾಡುತ್ತಾ ಕಲಿತದ್ದೆಲ್ಲ ಇದರಿಂದಲೇ ಹುಟ್ಟಿತು: ತಗಡನ್ನು ಉಳಿಸಬೇಕು, ಏನೇ ಹೊಸದು ಸೇರಿಸಿದರೂ ನಟ್ಟು ಬೋಲ್ಟು ಬಿಚ್ಚಿ ಮತ್ತೆ ಮೊದಲಿನಂತೆ ಮಾಡಲು ಬರುವಂತಿರಬೇಕು.

ನಮ್ಮದು 1982ರ ಪ್ರೀಮಿಯರ್ ಪದ್ಮಿನಿ. ನಂಬರು ಇನ್ನೂ ಹಳೆಯ ಕ್ರಮದ್ದು, ‘ಸಿಎ’ ಎಂದು ಶುರುವಾಗುತ್ತದೆ. ಅಪ್ಪ ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಾಗ ಸುತ್ತ ರಾಗಿ ಹೊಲ, ತೆಂಗಿನ ತೋಟ. ಮನೆಯ ಮಗ್ಗುಲಿಗೆ ಕಾರಿಗೆಂದೇ ಶೀಟಿನ ಶೆಡ್ ಹಾಕಿಸಿದರು. ಈಗ ಬೀದಿಯ ತುಂಬ ನಾಲ್ಕಂತಸ್ತಿನ ಕಟ್ಟಡಗಳು. ಶೆಡ್ಡು ಮಾತ್ರ ಉಳಿದಿದೆ. ಕಣ್ಣು ಮಂಜಾಗಿ ಅಪ್ಪ ಓಡಿಸುವುದನ್ನು ಬಿಟ್ಟ ಮೇಲೆ ಕಾರು ಅಲ್ಲೇ ನಿಂತುಬಿಟ್ಟಿತು. ನಾನು ಕೈಹಚ್ಚಿದ್ದು ಕೆಲಸದಿಂದ ನಿವೃತ್ತನಾದ ಮೇಲೆ.

ಈ ಕಾರಿನ ಮೂಲ 1953ರಲ್ಲಿ ಇಟಲಿಯಲ್ಲಿ ಬಂದ ಫಿಯಟ್ 1100. ವಾಲಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್, ಮುಂಬೈಯ ಕುರ್ಲಾದಲ್ಲಿ 1964ರಿಂದ ‘1100 ಡಿಲೈಟ್’ ಮಾಡಿತು. ಎಪ್ಪತ್ತರ ದಶಕದಲ್ಲಿ ಅದೇ ಕಾರು ಪದ್ಮಿನಿ ಆಯಿತು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿ ಕೊಂಡದ್ದು ಇಂಥದೇ ಫಿಯಟ್. ಅವರು ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿಯವರು ಪಿಂಚಣಿಯ ಹಣದಿಂದ ಆ ಸಾಲ ತೀರಿಸಿದರು. ಮುಂಬೈಯಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಓಡಾಟ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಬೀದಿಯಲ್ಲಿ ಅವು ಕಡಿಮೆಯಾದಷ್ಟೂ ಉಳಿದ ಒಂದೊಂದರ ತಗಡಿನ ಬೆಲೆ ಏರುತ್ತದೆ ಎಂಬುದು ನನ್ನ ನಂಬಿಕೆ.

ಮೊದಲ ಖರ್ಚು ಕಾರಿಗಲ್ಲ, ಶೆಡ್ಡಿನ ನೆಲಕ್ಕೆ ಮಾಡಿದೆ. ಮಣ್ಣಿನ ನೆಲದಿಂದ ಥಂಡಿ ಏಳುತ್ತದೆ. ಮಳೆ ಬೀಳದ ಜಾಗದಲ್ಲಿ ನಿಂತ ಕಾರಿಗೂ ಕೆಳಗಿನಿಂದ ತುಕ್ಕು ಹಿಡಿಯುತ್ತದೆ. ಕಾಂಕ್ರೀಟ್ ಹಾಕಿಸಿದ್ದರಿಂದ ಇನ್ನೊಂದು ಲಾಭವೂ ಆಯಿತು. ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕಾದರೆ ನೆಲ ಸಮವಾಗಿ, ಗಟ್ಟಿಯಾಗಿ ಇರಲೇಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಮನೆಯಲ್ಲಿ ಕೆಲಸ ಮಾಡುವವರಿಗೆ ಇದೊಂದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಪದ್ಮಿನಿಗೆ ನೀರು ನುಗ್ಗುವುದು ಮುಂದಿನ ಗಾಜಿನ ರಬ್ಬರಿನಿಂದ. ಬಿಸಿಲಿಗೆ ಆ ರಬ್ಬರು ಗಟ್ಟಿಯಾಗಿ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಇಳಿದ ನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಕಾಲಡಿಗೆ ಬಂದು, ಮ್ಯಾಟಿನ ಕೆಳಗಿನ ಫೆಲ್ಟಿನಲ್ಲಿ ಕೂತುಬಿಡುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತೆ, ಕೆಳಗೆ ತಿಂಗಳುಗಟ್ಟಲೆ ಒದ್ದೆ. ಬೆಂಗಳೂರಿಗಂತೂ ಮುಂಗಾರು ಮುಗಿಯಿತು ಎನ್ನುವಷ್ಟರಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಜೋರುಮಳೆ. ಬಾಗಿಲ ಕೆಳಗಿನ ಪಟ್ಟಿಗಳಿಗೆ ನೀರು ಹೊರಹೋಗಲೆಂದು ಸಣ್ಣ ತೂತುಗಳಿವೆ. ಅವು ಕೆಸರು ಕಟ್ಟಿದರೆ ಒಳಗಿನಿಂದಲೇ ತಿನ್ನಲು ಶುರು. ಬ್ಯಾಟರಿ ಕೂರುವ ತಟ್ಟೆ, ಜಾಕಿ ಕೊಡುವ ಜಾಗ, ಹಿಂದಿನ ಕಮಾನುಪಟ್ಟಿ ನೇತಾಡುವ ಕೊಂಡಿಯ ಸುತ್ತ, ಇವು ಉಳಿದ ಅಪಾಯದ ಜಾಗಗಳು. ಕಮಾನುಪಟ್ಟಿಯ ಕೊಂಡಿ ಕಿತ್ತುಬಂದರೆ ಹಿಂದಿನ ಆ್ಯಕ್ಸಲ್ಲೇ ಜರುಗುತ್ತದೆ. ಅದನ್ನು ನೋಡದೆ ಸೀಟಿಗೆ ಹೊಸ ಬಟ್ಟೆ ಹೊಲಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನಮ್ಮ ಕಾರಿಗೆ ಹಿಂದೆಂದೋ ಒಂದು ಗ್ಯಾರೇಜಿನಲ್ಲಿ ತೂತುಗಳ ಮೇಲೆ ಫೈಬರ್ ಅಂಟಿಸಿ, ಪುಟ್ಟಿ ಮೆತ್ತಿ, ಕೆಳಗಿನಿಂದ ಡಾಂಬರು ಬಳಿದಿದ್ದರು. ಚಿಕ್ಕಲ್ಲಸಂದ್ರದ ಕಡೆಯಿಂದ ಬಂದ ಟಿಂಕರಿಂಗ್ ಭಾಯ್ ಸಣ್ಣ ಸುತ್ತಿಗೆಯಲ್ಲಿ ಬಾಡಿಯುದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ತಗಡು ಠಣ್ಣೆನ್ನುತ್ತಿತ್ತು, ಪುಟ್ಟಿ ತುಂಬಿದ ಕಡೆ ಮೊದ್ದು ಸದ್ದು. ಆಮೇಲೆ ನಾಲ್ಕು ಬಾಗಿಲನ್ನೂ ಹಾಕಿ ತೆಗೆದು ಮಾಡಿದರು.

“ಪೇಂಟ್ ವಿಷ್ಯ ಆಮೇಲೆ ಸಾರ್. ಈ ಬಾಗ್ಲು ಎತ್ತಿ ಹಾಕ್ಬೇಕಾಗಿದೆ ನೋಡಿ. ಕೆಳಗೆ ಕೂತಿದೆ ಗಾಡಿ.”

“ಕೀಲು ಸವೆದಿರಬಹುದಲ್ವಾ ಭಾಯ್?”

“ಕೀಲಾದ್ರೆ ಬಾಗ್ಲು ಅಲ್ಲಾಡುತ್ತೆ. ಇದು ಅಲ್ಲಾಡ್ತಿಲ್ಲ, ಚೌಕಟ್ಟೇ ಇಳ್ದಿದೆ.”

ಅವರಿಂದ ಕಲಿತದ್ದು ಈ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಪಾಠ. ಬಾಗಿಲ ಕೆಳಗಿನ ಪಟ್ಟಿಯನ್ನು ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಡ್ಡವಾಗಿ ಆಂಗಲ್ ಕೊಟ್ಟು ಟ್ಯಾಕ್ ವೆಲ್ಡ್ ಮಾಡಬೇಕು. ಇಲ್ಲದಿದ್ದರೆ ಕತ್ತರಿಸಿದ ಕ್ಷಣ ಬಾಡಿ ನಡುವಿನಲ್ಲಿ ಕುಸಿಯುತ್ತದೆ. ಕುಸಿದ ಮೇಲೆ ಹೊಸ ತಗಡು ಬೆಸೆದರೆ ಆ ಸೊಟ್ಟ ಶಾಶ್ವತ. ಎರಡೂ ಪಕ್ಕವನ್ನು ಒಟ್ಟಿಗೆ ಬಿಚ್ಚಬಾರದು. ಒಂದು ಪಕ್ಕ ಪೂರ್ತಿ ಮುಗಿಸಿ, ಬಾಗಿಲು ಕೂರಿಸಿ ನೋಡಿ, ಸಂದು ಸಮವಾಗಿದೆ ಎಂದು ಖಾತ್ರಿಯಾದ ಮೇಲೆ ಇನ್ನೊಂದು ಪಕ್ಕ. ಪಟ್ಟಿಗಳಿಗೆ 18 ಗೇಜಿನ ಸಿಆರ್ ಶೀಟು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ನೆಲಕ್ಕೆ 20 ಗೇಜು ಸಾಕಾಯಿತು. ಗ್ಯಾಸ್ ವೆಲ್ಡಿಂಗಿನ ಕಾವಿಗೆ ಅಗಲದ ತಗಡು ಅಲೆಅಲೆಯಾಗಿ ಏಳುತ್ತದೆ. ಆದ್ದರಿಂದ ಸಿಓಟು ವೆಲ್ಡಿಂಗ್ ಮಿಷನ್ ಬಾಡಿಗೆಗೆ ತರಿಸಿ, ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ತಣಿಯಲು ಬಿಟ್ಟು ಮುಂದುವರಿದೆವು. ಅದಕ್ಕೆ ಮುಂಚೆ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಶೆಡ್ಡಿನಿಂದ ದೂರ ಇಟ್ಟೆವು. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿ, ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯ.

ತಗಡಿನ ಕೆಲಸಕ್ಕೆ ಹೋಲಿಸಿದರೆ ಎಂಜಿನ್ ಸಲೀಸು. 1089 ಸಿಸಿ, 68 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, 40 ಅಶ್ವಶಕ್ತಿಯ ಆಸುಪಾಸು; ಬಾನೆಟ್ ಎತ್ತಿದರೆ ಎಲ್ಲಕ್ಕೂ ಕೈ ಎಟುಕುತ್ತದೆ. ಆದರೆ ಹೆಡ್ಡು ಅಲ್ಯುಮಿನಿಯಂ, ಬ್ಲಾಕು ಬೀಡು ಕಬ್ಬಿಣ. ಕಾವಿಗೆ ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಒಮ್ಮೆ ನೀರು ಕುದಿಯಿತೆಂದರೆ ಹೆಡ್ಡು ಬಾಗಿ ಗ್ಯಾಸ್ಕೆಟ್ ಹೊಡೆದುಹೋಗುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ರೇಡಿಯೇಟರಿಗೆ ಸುರಿಯುತ್ತಾ ಬಂದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಹೆಡ್ಡನ್ನು ಫೇಸಿಂಗ್ ಮಾಡಿಸಿ, ರೇಡಿಯೇಟರಿನ ಕೋರ್ ಬದಲಾಯಿಸಿ, ಅಂದಿನಿಂದ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿದ ಕೂಲಂಟ್ ಬಿಟ್ಟರೆ ಬೇರೇನೂ ಹಾಕಿಲ್ಲ. ಹೆಡ್ಡು ಬಿಚ್ಚಿದಾಗಲೇ ವಾಲ್ವಿನ ಸೀಟುಗಳಿಗೆ ಗಡಸು ಉಂಗುರ ಕೂರಿಸಿದ್ದೂ ಆಯಿತು. ಈ ಎಂಜಿನ್ ಹುಟ್ಟಿದ್ದು ಪೆಟ್ರೋಲಿನಲ್ಲಿ ಸೀಸವಿದ್ದ ಕಾಲದಲ್ಲಿ. ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದದ್ದು 2000ದ ಫೆಬ್ರವರಿಯಲ್ಲಿ. ಸೀಸ ಕೊಡುತ್ತಿದ್ದ ರಕ್ಷಣೆ ಹೋದ ಮೇಲೆ ಮೆದು ಸೀಟುಗಳು ಬೇಗ ಸವೆಯುತ್ತವೆ.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯೇ ಗತಿ. ಮಿನರ್ವ ವೃತ್ತದಿಂದ ಟೌನ್‌ಹಾಲ್ ಕಡೆ ನಡೆದರೆ ಇಕ್ಕೆಲದಲ್ಲೂ ಅಂಗಡಿ. ‘ಪದ್ಮಿನಿಗೆ ಬ್ರೇಕಿನ ಸಾಮಾನು ಇದೆಯಾ’ ಎಂದು ಕೇಳಿದರೆ ಹೊಸ ಹುಡುಗರು ಇಲ್ಲವೆಂದೇ ಹೇಳುತ್ತಾರೆ. ಗಲ್ಲಾದ ಹಿಂದೆ ಕೂತ ಹಿರಿಯರನ್ನು ಕೇಳಬೇಕು. ಅದಕ್ಕೂ ಮುಖ್ಯವಾಗಿ, ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಬಾಯಲ್ಲಿ ಹೇಳಿದ ಅಳತೆಗೆ ಅಲ್ಲಿ ಬೆಲೆಯಿಲ್ಲ. ದೀಪದ ಸುತ್ತಿನ ಕ್ರೋಮ್ ಉಂಗುರ, ಬಾಗಿಲ ಹಿಡಿಗಳಂಥವು ಶಿವಾಜಿನಗರದ ಗುಜರಿಯಲ್ಲಿ ಸಿಕ್ಕವು.

ಬದಲಾವಣೆಯ ಮಾತಿಗೆ ಬರುತ್ತೇನೆ. ಎದುರು ಮನೆಯ ಹುಡುಗ ದಿನವೂ ಶೆಡ್ಡಿಗೆ ಬಂದು ಸ್ಪ್ಯಾನರ್ ಎತ್ತಿಕೊಡುತ್ತಿದ್ದ. “ಅಂಕಲ್, ಜಿಪ್ಸಿ ಎಂಜಿನ್ ಕೂರ್ಸಿ, ಐದು ಗೇರ್ ಬರುತ್ತೆ” ಎಂದು ಅವನ ಒತ್ತಾಯ. ಅವನ ಉತ್ಸಾಹ ನನಗೆ ಇಷ್ಟ. ಆದರೆ ಜಿಪ್ಸಿಯ 1298 ಸಿಸಿ ಎಂಜಿನ್ ಇದರ ಸುಮಾರು ಎರಡರಷ್ಟು ಶಕ್ತಿ ಕೊಡುತ್ತದೆ. ಈ ಕಾರಿನ ಆ್ಯಕ್ಸಲ್, ಡ್ರಮ್ ಬ್ರೇಕು, ನೆಲದ ತಗಡು ಯಾವುವೂ ಆ ಶಕ್ತಿಗೆಂದು ಮಾಡಿದವಲ್ಲ. ಗೇರ್‌ಬಾಕ್ಸ್ ಕೂರಿಸಲು ನಡುವಿನ ಉಬ್ಬನ್ನು ಕತ್ತರಿಸಬೇಕು. ಕಷ್ಟಪಟ್ಟು ಬೆಸೆದ ತಗಡನ್ನು ಮತ್ತೆ ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ.

ಕಾನೂನೂ ಅದಕ್ಕೆ ಅಡ್ಡ ಬರುತ್ತದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಿಸುವುದಾದರೆ ಆರ್‌ಟಿಓ ಅನುಮತಿ ಬೇಕು, ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಸೇರಿಸಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮವೂ ಹಾಗೆಯೇ: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರೀ ಮಾರ್ಪಾಡು ಆಗಿರಬಾರದು. ನಮ್ಮ ಕಾರು ಆ ವಯಸ್ಸಿಗೆ ಬರುವುದು 2032ಕ್ಕೆ. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ಪ್ರದರ್ಶನ, ರಿಪೇರಿ, ಪೆಟ್ರೋಲು ಇಂಥವಕ್ಕೆ ಬಿಟ್ಟು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಓಡಿಸುವ ಆಸೆಯುಳ್ಳವರು ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಿಕೊಂಡು ಹೋಗುವುದೇ ಮೇಲು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲಿರುವಂಥ ನಿರ್ಬಂಧ ನಮ್ಮಲ್ಲಿಲ್ಲ, ಅದು ನಮ್ಮ ಪುಣ್ಯ.

ಹಾಗಾದರೆ ಏನೇನು ಬದಲಾಯಿಸಿದೆ? ಮೊದಲು ಬ್ರೇಕು. ನಮ್ಮ ಕಾರಿನದು ಒಂದೇ ಸಾಲಿನ ಮಾಸ್ಟರ್ ಸಿಲಿಂಡರು. ಎಲ್ಲೋ ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಗುತ್ತದೆ. ಮುಂದಿನದು ಬೇರೆ, ಹಿಂದಿನದು ಬೇರೆ ಆಗುವಂತೆ ಎರಡು ಸಾಲಿನ ಸಿಲಿಂಡರ್ ಹಾಕಿಸಿ, ಪೈಪುಗಳನ್ನೂ ರಬ್ಬರ್ ಹೋಸುಗಳನ್ನೂ ಹೊಸದು ಮಾಡಿಸಿದೆ. ಹಳೆಯ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ಆಮೇಲೆ ಡೈನಮೋ. ಬನಶಂಕರಿ ಸಿಗ್ನಲ್ಲಿನಲ್ಲಿ ನಿಂತರೆ ಹೆಡ್‌ಲೈಟು ಮಿಣುಕು ದೀಪವಾಗುತ್ತಿತ್ತು, ಏಕೆಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಹೆಚ್ಚುಕಡಿಮೆ ಏನನ್ನೂ ಉತ್ಪಾದಿಸುವುದಿಲ್ಲ. ಲೇತಿನಲ್ಲಿ ಬ್ರಾಕೆಟ್ ಮಾಡಿಸಿ ಸಣ್ಣ ಆಲ್ಟರ್ನೇಟರ್ ಕೂರಿಸಿದೆ, ಹೆಡ್‌ಲೈಟಿಗೆ ರಿಲೇ, ಬ್ಯಾಟರಿಯ ಪಕ್ಕ ದೊಡ್ಡ ಫ್ಯೂಸು. ರೇಡಿಯೇಟರಿಗೆ ಕರೆಂಟಿನ ಫ್ಯಾನು. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್. ಯಾವುದಕ್ಕೂ ಬಾಡಿಯಲ್ಲಿ ಹೊಸ ತೂತು ಕೊರೆದಿಲ್ಲ. ಬಿಚ್ಚಿದ ಡೈನಮೋ, ಕಟೌಟ್, ಪಾಯಿಂಟ್ ಪ್ಲೇಟು ಎಲ್ಲಕ್ಕೂ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಗೇರಿನ ವಿಷಯದಲ್ಲಿ ತೀರ್ಮಾನ ಅಪ್ಪನದು. ಇಂಥ ಕಾರುಗಳಿಗೆ ಫ್ಲೋರ್ ಗೇರ್ ಮಾಡಿಸಿಕೊಳ್ಳುವವರು ಬಹಳ. “ಬ್ರೇಕು ಏನು ಬೇಕಾದ್ರೂ ಮಾಡ್ಸು, ಗೇರು ಮಾತ್ರ ಸ್ಟೀರಿಂಗ್ ಹತ್ರಾನೇ ಇರ್ಲಿ” ಎಂದರು ಅಪ್ಪ. ಸ್ಟೀರಿಂಗಿನ ಪಕ್ಕ ಗೇರಿದ್ದರೆ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದು. ಧರ್ಮಸ್ಥಳಕ್ಕೆ ಹೋಗುವಾಗೆಲ್ಲ ನಡುವೆ ಕೂರುತ್ತಿದ್ದವಳು ನನ್ನ ತಂಗಿ. ವಾಪಸು ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ಪೆಟ್ರೋಲ್ ಪಂಪು ಕಾದು ಆವಿ ಕಟ್ಟಿ ಕಾರು ನಿಂತಾಗ, ಒದ್ದೆ ಬಟ್ಟೆ ಅಪ್ಪನ ಕೈಗೆ ಕೊಡುವ ಕೆಲಸ ಅವಳದು. ಗೇರಿನ ಕೊಂಡಿಗಳ ಬುಷ್ ಬದಲಾಯಿಸಿದ್ದಕ್ಕೇ ಅರ್ಧ ತೊಡಕು ಹೋಯಿತು. ಎರಡನೇ ಗೇರು ಈಗ ಬೆರಳಲ್ಲಿ ಬೀಳುತ್ತದೆ.

ಪೇಂಟನ್ನು ಶೆಡ್ಡಿನಲ್ಲಿ ಮಾಡಲಿಲ್ಲ. ಪಿಯು ಪೇಂಟಿನ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವಿಷ, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಒತ್ತಾಗಿ ಮನೆಗಳಿರುವ ಬೀದಿಯಲ್ಲಿ ಅದನ್ನು ಹೊಡೆಯುವುದು ಸರಿಯಲ್ಲ. ಫೆಬ್ರವರಿಯ ಒಣಹವೆಗೆ ಕಾದು ಬೂತ್ ಇರುವ ಕಡೆ ಕೊಟ್ಟೆ. ಬಣ್ಣ ಆರ್‌ಸಿಯಲ್ಲಿದ್ದದ್ದೇ.

ಈಗಿನ ನನ್ನ ಚಿಂತೆ ಪೆಟ್ರೋಲಿನದು. ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತದ್ದು. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರುತ್ತದೆ, ಕಾರ್ಬೊರೇಟರಿನ ಸತು ಮಿಶ್ರಲೋಹವನ್ನು ಬೆಳ್ಳಗೆ ಪುಡಿಗಟ್ಟಿಸುತ್ತದೆ. ಪಂಪಿನ ಡಯಾಫ್ರಮ್ ಮತ್ತು ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಾಯಿಸಿದ್ದೇನೆ. ವಾರಕ್ಕೊಮ್ಮೆಯಾದರೂ ತುರಹಳ್ಳಿ ಕಾಡಿನ ಕಡೆ ಒಂದು ಸುತ್ತು ಓಡಿಸುತ್ತೇನೆ. ಹೆಚ್ಚು ಕಾಲ ನಿಲ್ಲಿಸುವುದಾದರೆ ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿಯೇ ನಿಲ್ಲಿಸಬೇಕು.

ನಿಮ್ಮ ಮನೆಯಲ್ಲೂ ಇಂಥದೊಂದು ಕಾರು ನಿಂತಿದ್ದರೆ, ಮಳೆ ಹಿಡಿಯುವ ಮುಂಚೆ ಒಂದು ಸಣ್ಣ ತಂತಿ ತೆಗೆದುಕೊಂಡು ಬಾಗಿಲ ಕೆಳಗಿನ ಪಟ್ಟಿಯ ತೂತುಗಳನ್ನೆಲ್ಲ ಬಿಡಿಸಿ. ಹೊಸ ಪೇಂಟ್ ಆದ ಕಾರಾದರೆ ಇನ್ನೂ ಜಾಗ್ರತೆ: ಪ್ರೈಮರೇ ಅವನ್ನು ಮುಚ್ಚಿರುತ್ತದೆ. ಆಮೇಲೆ ಒಂದು ಚೊಂಬು ನೀರನ್ನು ಗಾಜಿನ ಬುಡದಲ್ಲಿ ಸುರಿದು, ಮ್ಯಾಟು ಎತ್ತಿ ಕೈಯಿಟ್ಟು ನೋಡಿ.