ಕಿಸಾನ್ ಸಮ್ಮಾನ್ ಕಂತು ನಿಂತಿದ್ದರೆ

ಪಿಎಂ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಖಾತೆಗೆ ಜಮೆಯಾಗುತ್ತದೆ. ಕಂತು ನಿಲ್ಲಲು ಸಾಮಾನ್ಯ ಕಾರಣ, ಇ-ಕೆವೈಸಿ ಬಾಕಿ ಇರುವುದು ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು. ದುಡಿದು ಸವೆದ ಬೆರಳಿನ ಗುರುತು ಯಂತ್ರದಲ್ಲಿ ಮೂಡದಿದ್ದರೆ ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಇ-ಕೆವೈಸಿ ಮುಗಿಸಬಹುದು.

ನಿಜವಾದ ತೊಡಕು ಪಹಣಿಯದು. ಜಮೀನು ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿದ್ದರೆ, ಉಳುವವನು ಮಗನೇ ಆದರೂ ಹಣ ಬಾರದು. ಮರಣ ಪ್ರಮಾಣಪತ್ರ, ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಹಾಕಿ, ಪಹಣಿ ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಫ್ರೂಟ್ಸ್ ಐಡಿಗೆ (ರೈತ ನೋಂದಣಿ ಸಂಖ್ಯೆಗೆ) ಸರ್ವೆ ನಂಬರ್ ಸೇರಿಸಬೇಕು. ಅಣ್ಣತಮ್ಮಂದಿರ ತಕರಾರಿದ್ದರೆ ಈ ಖಾತೆ ಬದಲಾವಣೆಯೇ ವರ್ಷಗಟ್ಟಲೆ ಎಳೆಯುತ್ತದೆ. 2019ರ ಫೆಬ್ರವರಿ 1ರ ನಂತರ ಕೊಂಡ ಜಮೀನಿಗೆ ಸವಲತ್ತಿಲ್ಲ. ವಾರಸಿನಿಂದ ಬಂದದ್ದಕ್ಕೆ ಈ ಗಡುವಿಲ್ಲ. ಆದಾಯ ತೆರಿಗೆ ಕಟ್ಟುವವರೂ, ಸ್ವಂತ ಪಹಣಿಯಿಲ್ಲದ ಗೇಣಿದಾರರೂ ಯೋಜನೆಯ ಹೊರಗೆ. ಎರಡನೆಯದು ನ್ಯಾಯವೆನಿಸುವುದಿಲ್ಲ, ಆದರೆ ನಿಯಮ ಹಾಗಿದೆ.