ಗಿರಾಕಿಯ ವೇಷದಲ್ಲಿ ಪತ್ತೇದಾರ: ನಕಲಿ ಬ್ಯಾಗಿನ ಜಾಡು ಹಿಡಿಯುವುದು ಹೇಗೆ?

ಬೆಂಗಳೂರಿನ ಮೆಜೆಸ್ಟಿಕ್ ಸುತ್ತಮುತ್ತ ಓಡಾಡಿದವರಿಗೆ ‘ಫಸ್ಟ್ ಕಾಪಿ’ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ವಾಚು, ಶೂ, ಬೆಲ್ಟು, ಎಲ್ಲದಕ್ಕೂ ಒಂದು ಫಸ್ಟ್ ಕಾಪಿ ಇದ್ದೇ ಇರುತ್ತೆ. ನ್ಯೂಯಾರ್ಕಿಗೆ ಹೋದ ನಮ್ಮವರು ಕೆನಾಲ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಹರಡಿಟ್ಟ ಬ್ಯಾಗುಗಳನ್ನು ಕಂಡು ‘ಇದೂ ನಮ್ಮೂರಿನ ಥರಾನೇ ಇದೆಯಲ್ಲ’ ಅಂತ ನಗುವುದು ಅದಕ್ಕೇ. ಆದರೆ ಅಲ್ಲಿ ಚೌಕಾಸಿ ಮಾಡುತ್ತಾ ನಿಂತವರಲ್ಲಿ ಒಬ್ಬರು, ಬ್ರ್ಯಾಂಡಿನ ಕಂಪನಿ ಹಣ ಕೊಟ್ಟು ಕಳಿಸಿದ ಖಾಸಗಿ ಪತ್ತೇದಾರ ಆಗಿರಬಹುದು. ಅವರ ಕೆಲಸ ಏನು, ಅದರ ಗಡಿ ಎಲ್ಲಿ, ಅದರೊಳಗೆ ನಮ್ಮಂಥ ವಿದ್ಯಾರ್ಥಿಗಳು ಎಲ್ಲಿ ಸಿಕ್ಕಿಕೊಳ್ಳಬಹುದು ಎಂಬುದನ್ನು ಇಲ್ಲಿ ನೋಡೋಣ. ನಾವು ಕಾನೂನು ಓದಿದವರಲ್ಲ, ಎಂಜಿನಿಯರಿಂಗ್ ಓದಿದವರು. ಹಾಗಾಗಿ ಇಡೀ ಸಿಸ್ಟಮ್ ಹೇಗೆ ಓಡುತ್ತೆ ಎಂಬ ಕಡೆಯಿಂದ ಹೋಗುತ್ತೇವೆ.

ಮೊದಲ ಪ್ರಶ್ನೆ: ಪೊಲೀಸರು ಇರುವಾಗ ಖಾಸಗಿಯವರು ಏಕೆ? ಒಇಸಿಡಿ ಮತ್ತು ಯುರೋಪಿನ ಬೌದ್ಧಿಕ ಆಸ್ತಿ ಕಚೇರಿ 2021ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, 2019ರಲ್ಲಿ ದೇಶದಿಂದ ದೇಶಕ್ಕೆ ಸಾಗಿದ ನಕಲಿ ಸರಕಿನ ಮೌಲ್ಯ 46,400 ಕೋಟಿ ಡಾಲರ್ ವರೆಗೆ ಇತ್ತು. ಜಗತ್ತಿನ ವ್ಯಾಪಾರದಲ್ಲಿ ಇದು ನೂರಕ್ಕೆ 2.5ರಷ್ಟು. ಇಷ್ಟನ್ನೂ ಹುಡುಕಿ ಹಿಡಿಯುವಷ್ಟು ಪೊಲೀಸರು ಯಾವ ಊರಲ್ಲೂ ಇಲ್ಲ. ಜೊತೆಗೆ ಟ್ರೇಡ್‌ಮಾರ್ಕ್ ಎಂಬುದು ಕಂಪನಿಯ ಸ್ವಂತ ಆಸ್ತಿ. ಹೊಲ ಯಾರದೋ ಕಾವಲೂ ಅವರದೇ.

ಇದನ್ನು ಕೋರ್ಟೇ ಹೇಳಿದ್ದುಂಟು. ಆಭರಣದ ಕಂಪನಿ ಟಿಫನಿಯವರು 2004 ಮತ್ತು 2005ರಲ್ಲಿ ಈಬೇಯಿಂದ ತಮ್ಮ ಹೆಸರಿನ ಬೆಳ್ಳಿ ಒಡವೆಗಳನ್ನು ತಾವೇ ಕೊಂಡು ಪರೀಕ್ಷಿಸಿದರು. ಎರಡೂ ವರ್ಷ ನೂರಕ್ಕೆ 70ಕ್ಕಿಂತ ಹೆಚ್ಚು ನಕಲಿ ಎಂದು ಕಂಡಿತು. ಕೊಂಡ ಕ್ರಮದಲ್ಲೇ ದೋಷ ಇದೆ ಎಂದು ಕೋರ್ಟ್ ಆ ಲೆಕ್ಕವನ್ನು ಪೂರ್ತಿ ಒಪ್ಪಲಿಲ್ಲ. (ಸ್ಯಾಂಪ್ಲಿಂಗ್ ಪಾಠ ನೆನಪಾಯಿತೇ?) ನಕಲಿ ಸಾಕಷ್ಟಿದೆ ಎಂಬುದನ್ನು ಮಾತ್ರ ಒಪ್ಪಿತು. ಕೊನೆಗೆ 2010ರಲ್ಲಿ ಅಪೀಲು ಕೋರ್ಟಿನ ತೀರ್ಪು ಈಬೇ ಪರ ಆಯಿತು. ‘ನಿಮ್ಮಲ್ಲಿ ನಕಲಿ ಇದೆ’ ಎಂಬ ಒಟ್ಟಾರೆ ದೂರು ಸಾಲದು, ಇಂಥದೇ ಮಾರಾಟ ನಕಲಿ ಅಂತ ಗೊತ್ತಿದ್ದೂ ಬಿಟ್ಟರೆ ಮಾತ್ರ ಹೊಣೆ. ಅಂದರೆ ಒಂದೊಂದನ್ನೂ ಹುಡುಕಿ ಬೆರಳು ತೋರಿಸುವ ಕೆಲಸ ಬ್ರ್ಯಾಂಡಿನ ತಲೆ ಮೇಲೆ ಬಿತ್ತು.

ಆ ಬೆರಳೇ ಪತ್ತೇದಾರ. ಸಿನಿಮಾದಲ್ಲಿ ನೋಡುವ ಓಟ, ಹೊಡೆದಾಟ ಇಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಕೆಲಸದ ತಿರುಳು ಪರೀಕ್ಷಾ ಖರೀದಿ. ಮಾಮೂಲಿ ಗಿರಾಕಿಯಂತೆ ಹೋಗಿ ಒಂದು ಬ್ಯಾಗು ಕೊಳ್ಳುವುದು. ದಿನ, ಹೊತ್ತು, ಜಾಗ, ಕೊಟ್ಟ ಹಣ, ಮಾರಿದವರ ಚಹರೆ, ಆಡಿದ ಮಾತು, ಎಲ್ಲವನ್ನೂ ಅಂದೇ ಬರೆದಿಡುವುದು. ಬ್ಯಾಗಿನ ಫೋಟೊ ತೆಗೆದು, ಚೀಲಕ್ಕೆ ಹಾಕಿ, ಸೀಲ್ ಮಾಡಿ, ನಂಬರ್ ಹಾಕುವುದು. ಮುಂದೆ ಆ ಚೀಲ ಯಾರ ಕೈಯಿಂದ ಯಾರ ಕೈಗೆ ಹೋದರೂ ಸಹಿ ಬೇಕು. ನಮ್ಮೂರಿನ ಪೊಲೀಸರು ಬರೆಯುವ ಮಹಜರು ನೆನೆಸಿಕೊಳ್ಳಿ. ನಡುವೆ ಒಂದು ಸಹಿ ತಪ್ಪಿದರೂ ಎದುರಿನ ವಕೀಲರು ‘ಇದು ಅದೇ ಬ್ಯಾಗು ಅಂತ ಏನು ಗ್ಯಾರಂಟಿ?’ ಎಂದು ಕೇಳುತ್ತಾರೆ, ಕೇಳಲೇಬೇಕು. ಬ್ಯಾಗು ನಕಲಿಯೋ ಅಸಲಿಯೋ ಎಂದು ಹೇಳುವುದು ಸಾಮಾನ್ಯವಾಗಿ ಪತ್ತೇದಾರರ ಕೆಲಸ ಅಲ್ಲ. ಹೊಲಿಗೆ, ಜಿಪ್ಪು, ಒಳಗಿನ ಅಚ್ಚು ನೋಡಿ ಹೇಳುವವರು ಕಂಪನಿಯ ತಜ್ಞರು. ‘ಇದನ್ನು ಇಂಥ ಕಡೆ, ಇಂಥವರಿಂದ ಕೊಂಡೆ’ ಎಂಬುದಷ್ಟೇ ಪತ್ತೇದಾರರ ಸಾಕ್ಷಿ.

ಆನ್‌ಲೈನ್ ಮಾರಾಟದಲ್ಲೂ ಇದೇ ಕ್ರಮ. ಅಲ್ಲಿ ಮಾರಿದವರ ಮುಖ ಕಾಣಲ್ಲ. ಹಣ ಹೋದ ಖಾತೆ, ಪಾರ್ಸೆಲ್ ಮೇಲೆ ಕಳಿಸಿದವರ ವಿಳಾಸ ಕಾಣುತ್ತವೆ. ಈ ವಿಳಾಸದ ವಿಚಾರಕ್ಕೆ ಆಮೇಲೆ ಬರೋಣ.

ಪತ್ತೇದಾರರ ಅಧಿಕಾರ ಇಲ್ಲಿಗೆ ಮುಗಿಯಿತು. ಬೀಗ ಒಡೆಯುವಂತಿಲ್ಲ, ಸರಕು ಎತ್ತಿಕೊಂಡು ಬರುವಂತಿಲ್ಲ. ಮಾತನ್ನು ರೆಕಾರ್ಡ್ ಮಾಡಲೂ ರಾಜ್ಯಕ್ಕೊಂದು ಕಾನೂನು: ನ್ಯೂಯಾರ್ಕಿನಲ್ಲಿ ಮಾತಾಡುವವರಲ್ಲಿ ಒಬ್ಬರು ಒಪ್ಪಿದ್ದರೆ ಸಾಕು, ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತಿಗೆ ಎಲ್ಲರ ಒಪ್ಪಿಗೆ ಬೇಕು. 1984ರ ಕಾಯ್ದೆಯ ಪ್ರಕಾರ, ಮಾರುವವರಿಗೆ ಮುಂಚೆ ತಿಳಿಸದೆಯೇ ಸರಕು ಜಪ್ತಿ ಮಾಡಲು ಫೆಡರಲ್ ಕೋರ್ಟ್ ಆದೇಶ ಕೊಡಬಹುದು. ಕೇಳುವ ಕಂಪನಿ ಠೇವಣಿ ಇಡಬೇಕು, ಸರ್ಕಾರಿ ವಕೀಲರಿಗೆ ತಿಳಿಸಬೇಕು. ಜಪ್ತಿಗೆ ಸರ್ಕಾರಿ ಅಧಿಕಾರಿಯೇ ಹೋಗಬೇಕು. ಜಪ್ತಿ ತಪ್ಪಾಗಿದ್ದರೆ ಕಂಪನಿಯೇ ನಷ್ಟ ತುಂಬಬೇಕು.

ಇಷ್ಟೆಲ್ಲ ಬಿಗಿ ಏಕೆ ಅನ್ನೋದಕ್ಕೆ ಒಂದು ಹಳೆಯ ಕೇಸು ಹೇಳಲೇಬೇಕು. ‘ಅಮೆರಿಕನ್ ಹಸಲ್’ ಸಿನಿಮಾ ನೋಡಿದ್ದೀರಾ? ಅದರಲ್ಲಿ ಕ್ರಿಶ್ಚಿಯನ್ ಬೇಲ್ ಮಾಡಿದ ಪಾತ್ರಕ್ಕೆ ಮೂಲ ಮೆಲ್ವಿನ್ ವೈನ್‌ಬರ್ಗ್ ಎಂಬ ವಂಚಕ. 1970ರ ದಶಕದ ಕೊನೆಯಲ್ಲಿ ಎಫ್‌ಬಿಐ ಅವನನ್ನೇ ಬಳಸಿಕೊಂಡು, ನಕಲಿ ಅರಬ್ ಶೇಖ್‌ನ ನಾಟಕ ಹೂಡಿ, ಲಂಚ ತಿನ್ನುವ ಸಂಸದರನ್ನು ಹಿಡಿದಿತ್ತು. 1983ರಲ್ಲಿ ಅದೇ ವೈನ್‌ಬರ್ಗ್ ಲೂಯಿ ವಿಟಾನ್ ಕಂಪನಿಯ ಪರ ಗಿರಾಕಿಯ ವೇಷ ಹಾಕಿದ. ನಕಲಿ ಬ್ಯಾಗು ಮಾಡಬಾರದು ಎಂಬ ಕೋರ್ಟ್ ಆದೇಶಕ್ಕೆ ಹಿಂದಿನ ವರ್ಷವಷ್ಟೇ ಒಪ್ಪಿಕೊಂಡಿದ್ದ ವ್ಯಾಪಾರಿಯೊಬ್ಬ, ಹೈಟಿ ದೇಶದಲ್ಲಿ ನಕಲಿ ಬ್ಯಾಗಿನ ಕಾರ್ಖಾನೆ ತೆಗೆಯುವ ಮಾತಿಗೆ ಇಳಿದ. ಅದು ಟೇಪಿನಲ್ಲಿ ದಾಖಲಾಯಿತು. ನೂರಕ್ಕೂ ಹೆಚ್ಚು ಟೇಪು! ಮುಖ್ಯ ಆರೋಪಿಗೆ 5 ವರ್ಷ ಜೈಲು ಶಿಕ್ಷೆ ಆಯಿತು.

ಆದರೆ ಕೋರ್ಟ್ ಆದೇಶ ಮುರಿದ ಅಪರಾಧಕ್ಕೆ ಸರ್ಕಾರದ ಜಾಗದಲ್ಲಿ ನಿಂತು ಕೇಸು ನಡೆಸಿದವರು ಲೂಯಿ ವಿಟಾನ್‌ನ ಸ್ವಂತ ವಕೀಲರೇ. 1987ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನೇ ರದ್ದು ಮಾಡಿತು. ಲಾಭ ಯಾರಿಗೆ ಹೋಗುತ್ತದೋ ಅವರ ವಕೀಲರು ಪ್ರಾಸಿಕ್ಯೂಟರ್ ಆಗುವಂತಿಲ್ಲ ಎಂಬುದು ತೀರ್ಪು. ಅಷ್ಟು ಟೇಪು ಇದ್ದೂ ಕೇಸು ಬಿತ್ತು. ಕಂಪನಿಯ ಕೈಯಲ್ಲಿ ಹಣ, ಪತ್ತೇದಾರ, ಪ್ರಾಸಿಕ್ಯೂಟರ್ ಮೂರೂ ಇದ್ದರೆ ಎದುರಿಗಿರುವವರಿಗೆ, ಅವರು ಕಳ್ಳರೇ ಇರಲಿ, ನ್ಯಾಯ ಕೇಳಲು ಜಾಗವೇ ಉಳಿಯಲ್ಲ. ಆ ತೀರ್ಪು ಸರಿ ಅಂತಲೇ ನಮ್ಮ ಅಭಿಪ್ರಾಯ.

ಈಗ ಆ ಪಾರ್ಸೆಲ್ ವಿಳಾಸದ ವಿಚಾರ. ‘ನಿಮ್ಮ ಮನೆಗೆ ಡಬ್ಬಗಳು ಬರುತ್ತವೆ, ಲೇಬಲ್ ಅಂಟಿಸಿ ಕಳಿಸಿ, ಡಬ್ಬಕ್ಕೆ ಇಷ್ಟು ಡಾಲರ್’ ಎಂಬ ಪಾರ್ಟ್‌ಟೈಮ್ ಕೆಲಸದ ಮೆಸೇಜು ವಿದ್ಯಾರ್ಥಿಗಳಿಗೆ ಬರುತ್ತದೆ. ಒಳಗಿರುವುದು ನಕಲಿ ಶೂ ಆಗಿದ್ದರೆ, ಪರೀಕ್ಷಾ ಖರೀದಿಯ ವರದಿಯಲ್ಲಿ ಬೀಳುವುದು ಆ ವಿದ್ಯಾರ್ಥಿಯ ರೂಮಿನ ವಿಳಾಸ. ಗೊತ್ತಿದ್ದೂ ಮಾರಿದರೆ ಮೊದಲ ಸಲಕ್ಕೇ 10 ವರ್ಷದವರೆಗೆ ಜೈಲು, 20 ಲಕ್ಷ ಡಾಲರ್ ವರೆಗೆ ದಂಡ ಹಾಕಬಹುದು. ‘ನಂಗೆ ಗೊತ್ತಿರಲಿಲ್ಲ’ ಎಂಬ ಮಾತು ಕ್ರಿಮಿನಲ್ ಕೇಸಿನಲ್ಲಿ ನಿಲ್ಲಬಹುದು. ಕಂಪನಿ ಹಾಕುವ ಸಿವಿಲ್ ದಾವೆಯಲ್ಲಿ ಅಷ್ಟೇ ಹೇಳಿ ಪಾರಾಗುವುದು ಕಷ್ಟ. ವೀಸಾದ ಮೇಲೆ ಇರುವವರಿಗೆ ಇದರ ತೂಕವನ್ನು ಬೇರೆ ಹೇಳಬೇಕಿಲ್ಲ. ಊರಿಂದ ಬರುವಾಗ ಸ್ವಂತ ಬಳಕೆಗೆ ತಂದ ನಕಲಿ ವಸ್ತುವಿಗೆ ಅಮೆರಿಕದ ಕಸ್ಟಮ್ಸ್ ನಿಯಮದಲ್ಲಿ ಸಣ್ಣ ವಿನಾಯಿತಿ ಉಂಟು, ಒಂದು ಬಗೆಯದು ಒಂದೇ. ಇಟಲಿಯಲ್ಲಿ ಕೊಂಡವರಿಗೂ ದಂಡ ಇದೆ, ರಜೆಗೆ ಹೋಗುವವರು ಗಮನಿಸಿ.

ಶ್ರೀಮಂತರ ಬ್ಯಾಗಿನ ಗೋಳು ನಮಗೇಕೆ ಅಂತ ಕೇಳುವವರಿಗೆ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಸುದ್ದಿ ಇದೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅದರ ನಕಲಿ ತಯಾರಾಗುತ್ತಿದ್ದುದು ಬಯಲಿಗೆ ಬಂತು. ಕರ್ನಾಟಕ ಸರ್ಕಾರದ ಕೆಎಸ್‌ಡಿಎಲ್ ಸಿಬ್ಬಂದಿ ಮಾಡಿದ್ದೂ ಇದೇ ಕೆಲಸ: ಗಿರಾಕಿಗಳಂತೆ ಹೋಗಿ ನಕಲಿ ಸೋಪು ಕೊಂಡು, ಜಾಡು ಹಿಡಿದು, ದೂರು ಕೊಟ್ಟರು. ಮಲಕ್‌ಪೇಟೆಯ ಆ ಜಾಗಕ್ಕೆ ದಾಳಿ ಮಾಡಿ, ಸುಮಾರು 2 ಕೋಟಿ ರೂಪಾಯಿಯ ಸರಕು ಹಿಡಿದು, ಇಬ್ಬರನ್ನು ಬಂಧಿಸಿದವರು ಪೊಲೀಸರು.